ಸಂಘ ಸಂಸ್ಥೆಗಳ ದಾಖಲೆ ನಿರ್ವಹಣೆ: ಸ್ಪ್ರೆಡ್‌ಶೀಟ್ ಮಾದರಿಯ ದತ್ತಸಂಚಯ ಮತ್ತು ಲೋ-ಕೋಡ್ ಆ್ಯಪ್ ಸಾಧನಗಳ ಪೈಕಿ ಸೂಕ್ತವಾದುದರ ಆಯ್ಕೆ

(ಚಾಮರಾಜನಗರ ಮತ್ತು ಗುಂಡ್ಲುಪೇಟೆ ತಾಲ್ಲೂಕುಗಳ ಸ್ವಸಹಾಯ ಗುಂಪುಗಳು, ಸಹಕಾರ ಸಂಘಗಳು, ರೈತ ಉತ್ಪಾದಕರ ಸಂಸ್ಥೆಗಳು ಹಾಗೂ ಸ್ವಯಂಸೇವಾ ಸಂಸ್ಥೆಗಳ ಮಾಹಿತಿಗಾಗಿ)

1. ಪೀಠಿಕೆ

ಚಾಮರಾಜನಗರ ಜಿಲ್ಲೆಯು 1997ರಲ್ಲಿ ಮೈಸೂರು ಜಿಲ್ಲೆಯಿಂದ ಬೇರ್ಪಟ್ಟು ರಚನೆಯಾಯಿತು. 2011ರ ಜನಗಣತಿಯಂತೆ ಜಿಲ್ಲೆಯ ಜನಸಂಖ್ಯೆ 10,20,791 ಆಗಿದ್ದು, ಸಾಕ್ಷರತೆಯ ಪ್ರಮಾಣ ಶೇಕಡ 61.43 ಆಗಿರುತ್ತದೆ. ಅರಿಶಿನ, ಚೆಂಡು ಹೂ, ಸೂರ್ಯಕಾಂತಿ, ಟೊಮ್ಯಾಟೊ, ಈರುಳ್ಳಿ, ಬಾಳೆ ಹಾಗೂ ರೇಷ್ಮೆ ಬೆಳೆಯುವ ರೈತರ ಗುಂಪುಗಳು, ಹಾಲು ಉತ್ಪಾದಕರ ಸಂಘಗಳು, ಮಹಿಳಾ ಸ್ವಸಹಾಯ ಗುಂಪುಗಳು ಮತ್ತು ಗಿರಿಜನರ ವಿವಿಧೋದ್ದೇಶ ಸಹಕಾರ ಸಂಘಗಳು ಇಲ್ಲಿ ಕಾರ್ಯ ನಿರ್ವಹಿಸುತ್ತಿವೆ. ಇವುಗಳ ಸದಸ್ಯರ ಹೆಸರು, ಜಮೀನು, ಉಳಿತಾಯ, ಸಾಲ, ಮಾರಾಟ ಮುಂತಾದ ವಿವರಗಳು ಹಿಂದೆ ವಹಿಗಳಲ್ಲಿ ಇರುತ್ತಿದ್ದವು. ಈಗ ಬಹುತೇಕ ಕಡೆ ಅವು ಗಣಕಯಂತ್ರಕ್ಕೆ ಅಥವಾ ಮೊಬೈಲ್ ದೂರವಾಣಿಗೆ ಸ್ಥಳಾಂತರಗೊಳ್ಳುತ್ತಿವೆ.

ಈ ಸ್ಥಳಾಂತರದ ಸಂದರ್ಭದಲ್ಲಿ ಯಾವ ಸಾಧನವನ್ನು ಬಳಸಬೇಕೆಂಬ ಪ್ರಶ್ನೆ ಉದ್ಭವಿಸುತ್ತದೆ. ಆಯ್ಕೆ ತಪ್ಪಿದಲ್ಲಿ ಒಬ್ಬ ಸದಸ್ಯನ ಹೆಸರು ಪಟ್ಟಿಯಿಂದ ಬಿಟ್ಟುಹೋಗಬಹುದು. ಒಬ್ಬರಿಗೆ ಸಲ್ಲಬೇಕಾದ ಹಣ ಮತ್ತೊಬ್ಬರ ಖಾತೆಗೆ ಜಮೆಯಾಗಬಹುದು. ಹಲವು ವರ್ಷಗಳ ದಾಖಲೆ ಒಂದೇ ದಿನದಲ್ಲಿ ಕೈತಪ್ಪಬಹುದು. ಆದ್ದರಿಂದ ಎರಡು ಬಗೆಯ ಸಾಧನಗಳ ಸ್ವರೂಪ, ಉಪಯೋಗ ಮತ್ತು ಮಿತಿಗಳನ್ನು ಈ ಪುಟದಲ್ಲಿ ವಿವರಿಸಲಾಗಿದೆ.

2. ಸಾಧನಗಳ ಸ್ವರೂಪ

2.1 ಸಾಮಾನ್ಯ ಸ್ಪ್ರೆಡ್‌ಶೀಟ್: ಅಡ್ಡಸಾಲು ಮತ್ತು ಕಂಬಸಾಲುಗಳ ಚೌಕಗಳಲ್ಲಿ ಅಂಕಿ ಅಥವಾ ಅಕ್ಷರಗಳನ್ನು ತುಂಬಿ ಲೆಕ್ಕ ಮಾಡುವ ತಂತ್ರಾಂಶ. 1979ರಲ್ಲಿ ಬಂದ ವಿಸಿಕ್ಯಾಲ್ಕ್ ಇದರ ಮೊದಲ ಜನಪ್ರಿಯ ರೂಪ. ಎಕ್ಸೆಲ್, ಲಿಬ್ರೆಆಫೀಸ್ ಕ್ಯಾಲ್ಕ್ ಮತ್ತು ಗೂಗಲ್ ಶೀಟ್ಸ್ ಇಂದು ಬಳಕೆಯಲ್ಲಿವೆ. ಯಾವ ಚೌಕದಲ್ಲಿ ಏನನ್ನು ಬೇಕಾದರೂ ಬರೆಯಬಹುದೆಂಬುದು ಇದರ ಅನುಕೂಲವೂ ಹೌದು, ದೋಷವೂ ಹೌದು.

2.2 ಸ್ಪ್ರೆಡ್‌ಶೀಟ್ ಮಾದರಿಯ ದತ್ತಸಂಚಯ: ನೋಟಕ್ಕೆ ಸ್ಪ್ರೆಡ್‌ಶೀಟ್‌ನಂತೆಯೇ ಇದ್ದರೂ ಒಳಗೆ ದತ್ತಸಂಚಯದ ನಿಯಮಗಳನ್ನು ಪಾಲಿಸುವ ಸಾಧನ. ಪ್ರತಿ ಕಂಬಸಾಲಿಗೂ ಅಕ್ಷರ, ಸಂಖ್ಯೆ, ದಿನಾಂಕ, ಭಾವಚಿತ್ರ ಎಂಬಂತೆ ಒಂದು ಬಗೆಯನ್ನು ನಿಗದಿಪಡಿಸಲಾಗುತ್ತದೆ. ಒಂದು ಕೋಷ್ಟಕದ ಸಾಲನ್ನು ಮತ್ತೊಂದು ಕೋಷ್ಟಕದ ಸಾಲಿಗೆ ಜೋಡಿಸಬಹುದು. ಕೋಷ್ಟಕಗಳನ್ನು ಹೀಗೆ ಸಂಬಂಧಿಸುವ ತತ್ತ್ವವನ್ನು ಇ. ಎಫ್. ಕಾಡ್ ಅವರು 1970ರಲ್ಲಿ ಪ್ರತಿಪಾದಿಸಿದರು. ಏರ್‌ಟೇಬಲ್, ಬೇಸ್‌ರೋ, ನೋಕೋಡಿಬಿ ಮತ್ತು ಗ್ರಿಸ್ಟ್ ಈ ವರ್ಗಕ್ಕೆ ಸೇರಿದವು. 1992ರಲ್ಲಿ ಬಿಡುಗಡೆಯಾದ ಮೈಕ್ರೋಸಾಫ್ಟ್ ಆಕ್ಸೆಸ್ ಹಾಗೂ ಉಚಿತ ತಂತ್ರಾಂಶವಾದ ಲಿಬ್ರೆಆಫೀಸ್ ಬೇಸ್ ಇದೇ ಉದ್ದೇಶದ ಹಿಂದಿನ ತಲೆಮಾರಿನ ಸಾಧನಗಳು.

2.3 ಲೋ-ಕೋಡ್ ಆ್ಯಪ್ ಸಾಧನ: ಕಾರ್ಯಕ್ರಮ ಭಾಷೆಯಲ್ಲಿ ಸಾವಿರಾರು ಸಾಲು ಬರೆಯದೆ, ಸಿದ್ಧ ಭಾಗಗಳನ್ನು ಪರದೆಯ ಮೇಲೆ ಜೋಡಿಸಿ ನಮೂನೆ, ಅನುಮೋದನೆಯ ಹಂತ, ಸಂದೇಶ ಮತ್ತು ವರದಿಗಳುಳ್ಳ ಆ್ಯಪ್ ತಯಾರಿಸುವ ವ್ಯವಸ್ಥೆ. ಲೋ-ಕೋಡ್ ಎಂಬ ಹೆಸರು 2014ರಿಂದ ಪ್ರಚಾರಕ್ಕೆ ಬಂದಿತಾದರೂ ಇಂತಹ ಸಾಧನಗಳು ಅದಕ್ಕೂ ಹಿಂದಿನವು. ಜೋಹೋ ಕ್ರಿಯೇಟರ್ 2006ರಲ್ಲಿ ಆರಂಭವಾಯಿತು. ಮೈಕ್ರೋಸಾಫ್ಟ್ ಪವರ್ ಆ್ಯಪ್ಸ್ 2016ರಲ್ಲಿ ಸಾರ್ವಜನಿಕ ಬಳಕೆಗೆ ಬಂದಿತು. ಆ್ಯಪ್‌ಶೀಟ್ ಅನ್ನು ಗೂಗಲ್ ಸಂಸ್ಥೆ 2020ರಲ್ಲಿ ಖರೀದಿಸಿತು.

(ಮೇಲ್ಕಂಡ ಹೆಸರುಗಳನ್ನು ಮಾಹಿತಿಗಾಗಿ ಮಾತ್ರ ನೀಡಲಾಗಿದೆ. ಯಾವುದೇ ಉತ್ಪನ್ನದ ಶಿಫಾರಸು ಇದಲ್ಲ.)

3. ರಾಜ್ಯದ ಅನುಭವ

3.1 ಭೂಮಿ: ಪಟ್ಟಿ ಮತ್ತು ಪ್ರಕ್ರಿಯೆಗಳ ನಡುವಣ ವ್ಯತ್ಯಾಸವನ್ನು ತಿಳಿಯಲು ಭೂಮಿ ಯೋಜನೆ ಉತ್ತಮ ನಿದರ್ಶನ. 2000ರ ದಶಕದ ಆರಂಭದಲ್ಲಿ ಕಂದಾಯ ಇಲಾಖೆಯು ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರದ ತಂತ್ರಾಂಶದ ನೆರವಿನಿಂದ ಸುಮಾರು 67 ಲಕ್ಷ ಭೂಮಾಲೀಕರ ಸುಮಾರು 2 ಕೋಟಿ ಪಹಣಿಗಳನ್ನು ಗಣಕೀಕರಿಸಿತು. ಪಹಣಿಗಳನ್ನು ಕೇವಲ ಪಟ್ಟಿಯಾಗಿ ಬೆರಳಚ್ಚು ಮಾಡಿಟ್ಟಿದ್ದರೆ ವಹಿಯ ದೋಷಗಳೆಲ್ಲ ಗಣಕಯಂತ್ರಕ್ಕೆ ವರ್ಗಾವಣೆಯಾಗುತ್ತಿದ್ದವೇ ವಿನಾ ಬೇರೇನೂ ಆಗುತ್ತಿರಲಿಲ್ಲ. ಖಾತೆ ಬದಲಾವಣೆಯ ಅರ್ಜಿಗಳನ್ನು ಬಂದ ಸರದಿಯಲ್ಲಿಯೇ ವಿಲೇವಾರಿ ಮಾಡುವುದು, ತಿದ್ದುಪಡಿ ಮಾಡುವ ಸಿಬ್ಬಂದಿ ಬೆರಳ ಗುರುತು ನೀಡಿಯೇ ಒಳಪ್ರವೇಶಿಸುವುದು, ಯಾರು ಏನನ್ನು ಬದಲಿಸಿದರೆಂಬ ದಾಖಲೆ ಉಳಿಯುವುದು, ರೈತನಿಗೆ ಕಾಣುವಂತೆ ಕೌಂಟರಿನಲ್ಲಿ ಎರಡನೆಯ ಪರದೆಯನ್ನಿರಿಸುವುದು ಇವು ಭೂಮಿಯ ಪ್ರಮುಖ ಅಂಶಗಳಾಗಿದ್ದವು. ಪಹಣಿಯು ಪಟ್ಟಿಯಾದರೆ, ಖಾತೆ ಬದಲಾವಣೆಯು ಪ್ರಕ್ರಿಯೆ.

3.2 ಸೇವಾ ಸಿಂಧು: ಕರ್ನಾಟಕ ಸಕಾಲ ಸೇವೆಗಳ ಅಧಿನಿಯಮವು 2011ರಲ್ಲಿ ರಚಿತವಾಗಿ 2012ರ ಏಪ್ರಿಲ್‌ನಿಂದ ರಾಜ್ಯದಾದ್ಯಂತ ಜಾರಿಗೆ ಬಂದಿತು. ಪ್ರತಿ ಸೇವೆಗೂ ಕಾಲಮಿತಿ ನಿಗದಿಯಾದುದರಿಂದ ಅರ್ಜಿ ಯಾರ ಬಳಿ ಎಷ್ಟು ದಿನ ಇದೆ ಎಂಬುದನ್ನು ತಿಳಿಯುವುದು ಅವಶ್ಯಕವಾಯಿತು. ಅನಂತರ ಬಂದ ಸೇವಾ ಸಿಂಧು ವ್ಯವಸ್ಥೆಯು ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರದ ಸರ್ವಿಸ್‌ಪ್ಲಸ್ ಎಂಬ ಚೌಕಟ್ಟಿನ ಮೇಲೆ ರೂಪಿತವಾಗಿದೆ. ಈ ಚೌಕಟ್ಟಿನಲ್ಲಿ ಅರ್ಜಿ ನಮೂನೆ, ಪರಿಶೀಲನೆಯ ಹಂತಗಳು, ಶುಲ್ಕ ಮತ್ತು ಪ್ರಮಾಣಪತ್ರಗಳನ್ನು ಪ್ರತಿ ಸೇವೆಗೂ ಹೊಸ ತಂತ್ರಾಂಶ ಬರೆಯದೆಯೇ ಸಂಯೋಜಿಸಬಹುದು. ಲೋ-ಕೋಡ್ ತತ್ತ್ವವು ಆಡಳಿತದಲ್ಲಿ ಬಳಕೆಯಾಗಿರುವುದಕ್ಕೆ ಇದು ಉದಾಹರಣೆಯಾಗಿದೆ.

3.3 ಫ್ರೂಟ್ಸ್: ರೈತರಿಗೆ ಒಂದೇ ಗುರುತಿನ ಸಂಖ್ಯೆ ನೀಡಿ ವಿವಿಧ ಇಲಾಖೆಗಳ ಸೌಲಭ್ಯಗಳನ್ನು ಆ ಸಂಖ್ಯೆಗೆ ಜೋಡಿಸುವ ವ್ಯವಸ್ಥೆ ಇದಾಗಿದೆ. ಹೆಸರಿಗಿಂತ ಸಂಖ್ಯೆಯೇ ದಾಖಲೆಯ ಆಧಾರವಾಗಬೇಕೆಂಬ ಪಾಠ ಇದರಿಂದ ದೊರೆಯುತ್ತದೆ.

4. ಸಾಮಾನ್ಯ ಸ್ಪ್ರೆಡ್‌ಶೀಟ್‌ನಲ್ಲಿ ಸಂಭವಿಸುವ ದೋಷಗಳು

ಈ ಕೆಳಕಂಡ ದೋಷಗಳು ಮೇಲ್ನೋಟಕ್ಕೆ ಸಣ್ಣವು. ಆದರೆ ಪರಿಣಾಮ ದೊಡ್ಡದು.

ಅ) ಸರ್ವೆ ನಂಬರ್: 12/3 ಎಂದು ಬೆರಳಚ್ಚು ಮಾಡಿದಾಗ ಸ್ಪ್ರೆಡ್‌ಶೀಟ್ ಅದನ್ನು ದಿನಾಂಕವೆಂದು ಭಾವಿಸಿ ಮಾರ್ಚ್ 12 ಅಥವಾ ಡಿಸೆಂಬರ್ 3 ಎಂದು ಬದಲಿಸುತ್ತದೆ. ನಂತರ ಮೂಲ ಹಿಸ್ಸಾ ಸಂಖ್ಯೆ ಯಾವುದೆಂದು ಹೇಳುವುದು ಕಷ್ಟ. ಕಂಬಸಾಲನ್ನು ಮೊದಲೇ ಅಕ್ಷರ ಬಗೆಗೆ ನಿಗದಿಪಡಿಸಬೇಕು.

ಆ) ಎಕರೆ ಮತ್ತು ಗುಂಟೆ: ಒಂದು ಎಕರೆಗೆ 40 ಗುಂಟೆ. 2 ಎಕರೆ 20 ಗುಂಟೆಯನ್ನು 2.20 ಎಂದೂ 1 ಎಕರೆ 30 ಗುಂಟೆಯನ್ನು 1.30 ಎಂದೂ ಬರೆದು ಕೂಡಿದರೆ 3.50 ಬರುತ್ತದೆ. ಇದನ್ನು ಮೂರೂವರೆ ಎಕರೆ ಎಂದು ಓದಿದಲ್ಲಿ ರೈತನ ಲೆಕ್ಕದಿಂದ 30 ಗುಂಟೆ ಕಾಣೆಯಾಗುತ್ತದೆ. ನಿಜವಾದ ಮೊತ್ತ 4 ಎಕರೆ 10 ಗುಂಟೆ. ಎಕರೆ ಮತ್ತು ಗುಂಟೆಗೆ ಪ್ರತ್ಯೇಕ ಕಂಬಸಾಲು ಇರಿಸಿ, ಎಲ್ಲವನ್ನೂ ಗುಂಟೆಗೆ ಪರಿವರ್ತಿಸಿ ಕೂಡುವುದು ಸರಿಯಾದ ವಿಧಾನ.

ಇ) ಬ್ಯಾಂಕ್ ಖಾತೆ ಸಂಖ್ಯೆ: ಮೊದಲಿನ ಸೊನ್ನೆಗಳನ್ನು ಸ್ಪ್ರೆಡ್‌ಶೀಟ್ ಅಳಿಸಿಬಿಡುತ್ತದೆ. ಎಕ್ಸೆಲ್‌ನಲ್ಲಿ ಸಂಖ್ಯೆಯ 15 ಅಂಕಿಗಳು ಮಾತ್ರ ನಿಖರವಾಗಿ ಉಳಿಯುತ್ತವೆ. ಅದಕ್ಕಿಂತ ಉದ್ದವಾದ ಸಂಖ್ಯೆಯಲ್ಲಿ ಉಳಿದ ಅಂಕಿಗಳು ಸೊನ್ನೆಯಾಗುತ್ತವೆ. ಖಾತೆ ಸಂಖ್ಯೆಯನ್ನೂ ಅಕ್ಷರ ಬಗೆಯಲ್ಲಿಯೇ ದಾಖಲಿಸಬೇಕು.

ಈ) ವಿಂಗಡಣೆ: ಹೆಸರಿನ ಕಂಬಸಾಲನ್ನು ಮಾತ್ರ ಆಯ್ದು ಅಕಾರಾದಿಯಾಗಿ ಜೋಡಿಸಿದರೆ ಹೆಸರುಗಳು ಸ್ಥಳ ಬದಲಿಸುತ್ತವೆ, ಪಕ್ಕದ ಖಾತೆ ಸಂಖ್ಯೆಗಳು ಮಾತ್ರ ಅಲ್ಲಿಯೇ ಉಳಿಯುತ್ತವೆ. ಇಡೀ ಪಟ್ಟಿ ತಪ್ಪಾದರೂ ನೋಡುವವರಿಗೆ ಸರಿಯಾಗಿಯೇ ಕಾಣುತ್ತದೆ. ದತ್ತಸಂಚಯದಲ್ಲಿ ಒಂದು ಸಾಲು ಒಂದೇ ಘಟಕವಾಗಿ ಚಲಿಸುವುದರಿಂದ ಈ ಅಪಾಯವಿಲ್ಲ.

ಉ) ಸಾಲುಗಳ ಮಿತಿ: ಹಳೆಯ ಎಕ್ಸೆಲ್ ಕಡತದಲ್ಲಿ 65,536 ಸಾಲುಗಳು ಮಾತ್ರ ಹಿಡಿಸುತ್ತವೆ, ಹೊಸ ಕಡತದಲ್ಲಿ 10,48,576 ಸಾಲುಗಳು. 2020ರ ಸೆಪ್ಟೆಂಬರ್ ಅಂತ್ಯ ಮತ್ತು ಅಕ್ಟೋಬರ್ ಆರಂಭದಲ್ಲಿ ಇಂಗ್ಲೆಂಡಿನ ಸಾರ್ವಜನಿಕ ಆರೋಗ್ಯ ವ್ಯವಸ್ಥೆಯಲ್ಲಿ ಹಳೆಯ ಮಾದರಿಯ ಕಡತ ಬಳಸಿದುದರಿಂದ 15,841 ಕೋವಿಡ್ ಪ್ರಕರಣಗಳು ದೈನಂದಿನ ವರದಿಯಿಂದ ಬಿಟ್ಟುಹೋಗಿದ್ದವು. ಅವರ ಸಂಪರ್ಕಕ್ಕೆ ಬಂದವರನ್ನು ಪತ್ತೆಹಚ್ಚುವ ಕಾರ್ಯವೂ ತಡವಾಯಿತು.

ಊ) ಒಂದೇ ಕಡತದ ಹಲವು ಪ್ರತಿಗಳು: ಕಾರ್ಯದರ್ಶಿಯ ಬಳಿ ಒಂದು, ಲೆಕ್ಕಿಗರ ಬಳಿ ಒಂದು, ಪೆನ್ ಡ್ರೈವ್‌ನಲ್ಲಿ ಮತ್ತೊಂದು ಇದ್ದಾಗ ಯಾವುದು ಅಂತಿಮ ಎಂಬುದು ಯಾರಿಗೂ ತಿಳಿಯದು.

5. ಜಿಲ್ಲೆಯಲ್ಲಿ ಗಮನಿಸಬೇಕಾದ ವಿಶೇಷ ಅಂಶಗಳು

5.1 ಹೆಸರುಗಳು: ಮಲೆ ಮಹದೇಶ್ವರ ಸ್ವಾಮಿಯ ಮೇಲಿನ ಭಕ್ತಿಯಿಂದ ಮಾದಪ್ಪ, ಮಾದಯ್ಯ, ಮಹದೇವಯ್ಯ, ಮಾದೇಶ, ಮಾದಮ್ಮ, ಮಹದೇವಮ್ಮ ಎಂಬ ಹೆಸರುಗಳೂ ಸಿದ್ದಪ್ಪಾಜಿಯವರ ಹೆಸರಿನಿಂದ ಸಿದ್ದಯ್ಯ, ಸಿದ್ದರಾಜು, ಸಿದ್ದಮ್ಮ ಎಂಬ ಹೆಸರುಗಳೂ ಈ ಭಾಗದಲ್ಲಿ ಹೇರಳ. ಒಂದೇ ಗ್ರಾಮದಲ್ಲಿ ತಂದೆಯ ಹೆಸರೂ ಸೇರಿದಂತೆ ಒಂದೇ ಹೆಸರಿನ ಹಲವರಿರಬಹುದು. ಅದೇ ವ್ಯಕ್ತಿಯ ಹೆಸರು ಪಡಿತರ ಚೀಟಿಯಲ್ಲಿ ಮಾದಯ್ಯ, ಪಹಣಿಯಲ್ಲಿ ಮಹದೇವಯ್ಯ, ಬ್ಯಾಂಕ್ ಪುಸ್ತಕದಲ್ಲಿ ಮಾದೇವಯ್ಯ ಎಂದೂ ಇರಬಹುದು. ಆದ್ದರಿಂದ ಯಾವುದೇ ಸಾಧನ ಬಳಸಿದರೂ ಪ್ರತಿ ಸದಸ್ಯರಿಗೆ ಸಂಘವೇ ಒಂದು ಕ್ರಮಸಂಖ್ಯೆ ನೀಡಿ, ಎಲ್ಲ ಕೋಷ್ಟಕಗಳನ್ನೂ ಆ ಸಂಖ್ಯೆಯಿಂದಲೇ ಜೋಡಿಸತಕ್ಕದ್ದು.

5.2 ಲಿಪಿ: ನುಡಿ ಮತ್ತು ಬರಹ ತಂತ್ರಾಂಶಗಳ ಹಳೆಯ ಅಕ್ಷರ ಶೈಲಿಗಳಲ್ಲಿ ಸಿದ್ಧಪಡಿಸಿದ ಪಟ್ಟಿಗಳನ್ನು ಹೊಸ ಸಾಧನಗಳಿಗೆ ಸೇರಿಸಿದಾಗ ಅರ್ಥವಿಲ್ಲದ ಚಿಹ್ನೆಗಳು ಕಾಣಿಸುತ್ತವೆ. ಹುಡುಕಾಟ ಮತ್ತು ವಿಂಗಡಣೆಯೂ ಸಾಧ್ಯವಾಗುವುದಿಲ್ಲ. ಮೊದಲು ಪಟ್ಟಿಯನ್ನು ಯೂನಿಕೋಡ್‌ಗೆ ಪರಿವರ್ತಿಸಿ, ಒತ್ತಕ್ಷರ ಮತ್ತು ಅರ್ಕಾವತ್ತುಗಳನ್ನು ಪರಿಶೀಲಿಸಿ, ನಂತರ ಸೇರಿಸಬೇಕು. ಖರೀದಿಗೆ ಮುನ್ನ ಸಾಧನದಲ್ಲಿ ಕನ್ನಡದಲ್ಲಿ ನಮೂದಿಸಿ, ಹುಡುಕಿ, ಮುದ್ರಿಸಿ ನೋಡುವುದು ಕಡ್ಡಾಯ. ಪರದೆಯಲ್ಲಿ ಸರಿಯಾಗಿ ಕಾಣುವ ಅಕ್ಷರಗಳು ಮುದ್ರಿತ ರಸೀದಿಯಲ್ಲಿ ಒಡೆದು ಕಾಣುವುದುಂಟು.

5.3 ಸಂಪರ್ಕ: ಗುಂಡ್ಲುಪೇಟೆ ತಾಲ್ಲೂಕು ಬಂಡೀಪುರ ಅರಣ್ಯಕ್ಕೆ ಹೊಂದಿಕೊಂಡಿದ್ದು, ಕೇರಳ ಮತ್ತು ತಮಿಳುನಾಡಿನ ಗಡಿಯವರೆಗೆ ವ್ಯಾಪಿಸಿದೆ. ಕಾಡಂಚಿನ ಗ್ರಾಮ ಮತ್ತು ಹಾಡಿಗಳಲ್ಲಿ ಮೊಬೈಲ್ ಸಂಪರ್ಕ ಎಲ್ಲ ವೇಳೆಯಲ್ಲಿಯೂ ದೊರೆಯುವುದಿಲ್ಲ. ಸ್ಪ್ರೆಡ್‌ಶೀಟ್ ಮಾದರಿಯ ಹಲವು ದತ್ತಸಂಚಯಗಳಿಗೆ ಅಂತರ್ಜಾಲ ಸಂಪರ್ಕ ಸದಾ ಇರಬೇಕು. ಸಂಪರ್ಕವಿಲ್ಲದಾಗಲೂ ದಾಖಲಿಸಿ ಅನಂತರ ಕಳುಹಿಸುವ ಸೌಲಭ್ಯ ಕೆಲವು ಲೋ-ಕೋಡ್ ಸಾಧನಗಳಲ್ಲಿಯೂ, ಸಮೀಕ್ಷೆಗೆಂದೇ ರೂಪಿಸಿದ ಒಡಿಕೆ ಮತ್ತು ಕೋಬೋ ಟೂಲ್‌ಬಾಕ್ಸ್‌ಗಳಲ್ಲಿಯೂ ಇದೆ.

5.4 ಬಳಸುವವರು: ದಾಖಲೆ ತುಂಬುವವರಿಗೆ ಓದಲು ಕಷ್ಟವಿದ್ದಲ್ಲಿ ಇಪ್ಪತ್ತು ಕಂಬಸಾಲುಗಳ ಕೋಷ್ಟಕ ಗೊಂದಲ ಉಂಟುಮಾಡುತ್ತದೆ. ಒಂದು ಪರದೆಯಲ್ಲಿ ಒಂದೇ ಪ್ರಶ್ನೆ, ಆಯ್ಕೆಗೆ ಗುಂಡಿ, ಜೊತೆಗೆ ಚಿತ್ರ ಇರುವ ಆ್ಯಪ್ ಅವರಿಗೆ ಸುಲಭ.

6. ತುಲನಾತ್ಮಕ ಕೋಷ್ಟಕ

| ಕ್ರ. ಸಂ. | ಅಂಶ | ಸ್ಪ್ರೆಡ್‌ಶೀಟ್ ಮಾದರಿಯ ದತ್ತಸಂಚಯ | ಲೋ-ಕೋಡ್ ಆ್ಯಪ್ ಸಾಧನ |
|---|---|---|---|
| 1 | ಮುಖ್ಯ ಉದ್ದೇಶ | ಪಟ್ಟಿಗಳನ್ನು ಇಡುವುದು, ಜೋಡಿಸುವುದು, ಹುಡುಕುವುದು | ಕೆಲಸವನ್ನು ಹಂತ ಹಂತವಾಗಿ ಸಾಗಿಸುವುದು |
| 2 | ಆರಂಭಿಸಲು ಬೇಕಾದ ಕಾಲ | ಕೆಲವು ದಿನಗಳು | ಕೆಲವು ವಾರಗಳು. ಪರೀಕ್ಷೆಗೆ ಪ್ರತ್ಯೇಕ ಅವಧಿ |
| 3 | ಕಲಿಯುವ ಶ್ರಮ | ಸ್ಪ್ರೆಡ್‌ಶೀಟ್ ಬಲ್ಲವರಿಗೆ ಕಡಿಮೆ | ತಯಾರಿಸುವವರಿಗೆ ಹೆಚ್ಚು, ಬಳಸುವವರಿಗೆ ಕಡಿಮೆ |
| 4 | ಯಾರು ಏನನ್ನು ನೋಡಬಹುದೆಂಬ ನಿಯಂತ್ರಣ | ಸಾಮಾನ್ಯವಾಗಿ ಇಡೀ ಕೋಷ್ಟಕದ ಮಟ್ಟದಲ್ಲಿ | ಪ್ರತಿ ಸಾಲು ಮತ್ತು ಹಂತದ ಮಟ್ಟದಲ್ಲಿ ಸಾಧ್ಯ |
| 5 | ಅನುಮೋದನೆ ಮತ್ತು ಕಾಲಮಿತಿ | ಸೀಮಿತ | ಪ್ರಮುಖ ಸೌಲಭ್ಯ |
| 6 | ಸಂಪರ್ಕವಿಲ್ಲದೆ ಬಳಕೆ | ಬಹುತೇಕ ಇಲ್ಲ | ಕೆಲವು ಸಾಧನಗಳಲ್ಲಿ ಇದೆ |
| 7 | ತಿದ್ದುಪಡಿ | ಕಂಬಸಾಲು ಸೇರಿಸುವಷ್ಟು ಸುಲಭ | ನಮೂನೆ, ಹಂತ, ವರದಿ ಎಲ್ಲವನ್ನೂ ಮರುಪರಿಶೀಲಿಸಬೇಕು |
| 8 | ದತ್ತಾಂಶ ಹೊರತೆಗೆಯುವುದು | ಸುಲಭ | ದತ್ತಾಂಶ ಹೊರಬರುತ್ತದೆ, ಆ್ಯಪ್‌ನ ರಚನೆ ಹೊರಬರುವುದಿಲ್ಲ |
| 9 | ತಯಾರಿಸಿದವರು ಬಿಟ್ಟುಹೋದಲ್ಲಿ | ಮತ್ತೊಬ್ಬರು ಮುಂದುವರಿಸಬಹುದು | ವಿವರಣೆ ಬರೆದಿಡದಿದ್ದಲ್ಲಿ ಕಷ್ಟ |

7. ಉದಾಹರಣೆಗಳು

ವಿಷಯ ಸ್ಪಷ್ಟಪಡಿಸಲು ಈ ಕೆಳಗೆ ಮೂರು ಮಾದರಿ ಸನ್ನಿವೇಶಗಳನ್ನು ನೀಡಲಾಗಿದೆ.

7.1 ಹದಿನೈದು ಸದಸ್ಯೆಯರ ಸ್ವಸಹಾಯ ಗುಂಪು

ವಾರದ ಉಳಿತಾಯ, ಆಂತರಿಕ ಸಾಲ ಮತ್ತು ಬಡ್ಡಿಯ ಲೆಕ್ಕ ಮಾತ್ರ ಇರುವ ಗುಂಪಿಗೆ ಎರಡೂ ಸಾಧನಗಳ ಅಗತ್ಯವಿಲ್ಲ. ವಹಿ ಮತ್ತು ಒಂದು ಸಾಮಾನ್ಯ ಸ್ಪ್ರೆಡ್‌ಶೀಟ್ ಸಾಕು. ವಾರದ ಸಭೆಯಲ್ಲಿ ಎಲ್ಲರೆದುರು ವಹಿಯನ್ನು ಓದಿ ಸಹಿ ಪಡೆಯುವ ಪದ್ಧತಿಯನ್ನು ಯಾವ ಕಾರಣಕ್ಕೂ ಕೈಬಿಡಬಾರದು. ಓದಲು ಬಾರದ ಸದಸ್ಯೆಗೆ ತನ್ನ ಉಳಿತಾಯ ಎಷ್ಟೆಂದು ಕಿವಿಯಾರೆ ಕೇಳುವ ಅವಕಾಶ ಅದೊಂದೇ ಆಗಿರುತ್ತದೆ. ಲೆಕ್ಕವೆಲ್ಲ ಒಬ್ಬರ ದೂರವಾಣಿಯೊಳಗೆ ಸೇರಿದಲ್ಲಿ ಆ ಅವಕಾಶ ಇಲ್ಲವಾಗುತ್ತದೆ.

7.2 ಅರಿಶಿನ ಬೆಳೆಗಾರರ ಉತ್ಪಾದಕ ಸಂಸ್ಥೆ

ತೆರಕಣಾಂಬಿ, ಬೇಗೂರು ಮತ್ತು ಹಂಗಳ ಹೋಬಳಿಗಳ 300 ಬೆಳೆಗಾರರು ಸದಸ್ಯರಾಗಿರುವ ಒಂದು ಸಂಸ್ಥೆಯನ್ನು ಊಹಿಸಬಹುದು. ಒಬ್ಬ ಸದಸ್ಯನಿಗೆ ಹಲವು ಸರ್ವೆ ನಂಬರುಗಳಲ್ಲಿ ಜಮೀನು ಇರುತ್ತದೆ. ಬಿತ್ತನೆಗೆ ಪಡೆದ ಗೆಡ್ಡೆಯ ತೂಕ, ಕಿತ್ತ ಹಸಿ ಅರಿಶಿನದ ತೂಕ, ಬೇಯಿಸಿ ಒಣಗಿಸಿದ ನಂತರದ ತೂಕ, ಹೊಳಪು ನೀಡಿದ ಕೂಲಿ, ಮಾರಾಟದ ದರ ಮತ್ತು ಪಾವತಿಸಿದ ಹಣ ಎಂಬ ವಿವರಗಳು ಬಿತ್ತನೆಯಿಂದ ಮಾರಾಟದವರೆಗೆ ಹಲವು ತಿಂಗಳು ಸಂಗ್ರಹವಾಗುತ್ತವೆ.

ಇವನ್ನೆಲ್ಲ ಒಂದೇ ಸ್ಪ್ರೆಡ್‌ಶೀಟ್‌ನಲ್ಲಿ ತುಂಬಿದರೆ ಮೂರು ತಾಕು ಇರುವ ರೈತನ ಹೆಸರನ್ನು ಮೂರು ಬಾರಿ, ನಾಲ್ಕು ಮಾರಾಟ ಇರುವವನ ಹೆಸರನ್ನು ನಾಲ್ಕು ಬಾರಿ ಬರೆಯಬೇಕಾಗುತ್ತದೆ. ಆತನ ದೂರವಾಣಿ ಸಂಖ್ಯೆ ಬದಲಾದಾಗ ಒಂದು ಕಡೆ ತಿದ್ದಿ ಉಳಿದ ಕಡೆ ಮರೆಯುವುದು ಸಹಜ. ಸ್ಪ್ರೆಡ್‌ಶೀಟ್ ಮಾದರಿಯ ದತ್ತಸಂಚಯದಲ್ಲಿ ಸದಸ್ಯರು, ತಾಕುಗಳು, ಗೆಡ್ಡೆ ವಿತರಣೆ, ಮಾರಾಟ ಎಂದು ನಾಲ್ಕು ಕೋಷ್ಟಕಗಳನ್ನು ರಚಿಸಿ ಸದಸ್ಯ ಸಂಖ್ಯೆಯಿಂದ ಜೋಡಿಸಿದರೆ, ಸದಸ್ಯನ ಹೆಸರು ಒಮ್ಮೆ ಮಾತ್ರ ಇರುತ್ತದೆ. ಆ ಹೆಸರನ್ನು ತೆರೆದಾಗ ಆತನ ಎಲ್ಲ ತಾಕುಗಳೂ ಮಾರಾಟಗಳೂ ಒಟ್ಟಿಗೆ ಕಾಣುತ್ತವೆ. ಕಚೇರಿಯಲ್ಲಿ ದಾಖಲಿಸುವವರು ಇಬ್ಬರು ಅಥವಾ ಮೂವರು ಮಾತ್ರ ಆಗಿದ್ದು, ಅನುಮೋದನೆಯ ಹಂತಗಳು ಹೆಚ್ಚಿಲ್ಲದಿರುವುದರಿಂದ ಈ ಸಂಸ್ಥೆಗೆ ಲೋ-ಕೋಡ್ ಆ್ಯಪ್ ಅನಿವಾರ್ಯವಲ್ಲ.

7.3 ಕಾಡಂಚಿನ ಗ್ರಾಮಗಳ ಬೆಳೆ ಹಾನಿ ಸಹಾಯ ಗುಂಪು

ಆನೆ ಅಥವಾ ಕಾಡುಹಂದಿಯಿಂದ ಬೆಳೆ ನಾಶವಾದಾಗ ಪರಿಹಾರದ ಅರ್ಜಿಯನ್ನು ಅರಣ್ಯ ಇಲಾಖೆಗೆ ಸಲ್ಲಿಸಬೇಕು. ರೈತರಿಗೆ ದಾಖಲೆ ಒದಗಿಸಲು ನೆರವಾಗುವ ಸ್ವಯಂಸೇವಕರ ಗುಂಪೊಂದು ಹತ್ತಾರು ಗ್ರಾಮಗಳಲ್ಲಿ ಕೆಲಸ ಮಾಡುತ್ತಿದೆ ಎಂದಿಟ್ಟುಕೊಳ್ಳಬಹುದು. ಸ್ವಯಂಸೇವಕನು ಬೆಳಗ್ಗೆ ಹೊಲಕ್ಕೆ ಹೋಗಿ ಭಾವಚಿತ್ರ, ಸ್ಥಳದ ಅಕ್ಷಾಂಶ ರೇಖಾಂಶ, ಬೆಳೆ ಮತ್ತು ಹಾನಿಯ ವಿಸ್ತೀರ್ಣ ದಾಖಲಿಸಬೇಕು. ಅಲ್ಲಿ ಮೊಬೈಲ್ ಸಂಪರ್ಕ ಇಲ್ಲದಿರಬಹುದು. ಅನಂತರ ಪಹಣಿ ದೊರೆಯಿತೇ, ಅರ್ಜಿ ಸಲ್ಲಿಕೆಯಾಯಿತೇ, ಸ್ಥಳ ಪರಿಶೀಲನೆ ಆಯಿತೇ, ಹಣ ಜಮೆಯಾಯಿತೇ ಎಂದು ಪ್ರತಿ ಹಂತವನ್ನೂ ಗಮನಿಸಬೇಕು. ಯಾವುದಾದರೂ ಅರ್ಜಿ ಒಂದೇ ಹಂತದಲ್ಲಿ ಹೆಚ್ಚು ದಿನ ನಿಂತಲ್ಲಿ ಎಚ್ಚರಿಕೆಯ ಸಂದೇಶ ಬರಬೇಕು. ಒಂದು ಗ್ರಾಮದ ಸ್ವಯಂಸೇವಕನಿಗೆ ಬೇರೆ ಗ್ರಾಮದವರ ಖಾತೆ ವಿವರ ಕಾಣಬಾರದು.

ಇಲ್ಲಿ ಲೋ-ಕೋಡ್ ಆ್ಯಪ್ ಸೂಕ್ತ. ಬೆಳೆ ನಾಶವಾದ ರೈತನ ಅರ್ಜಿ ಎಲ್ಲಿ ನಿಂತಿದೆ ಎಂಬುದು ತಿಳಿಯದೆ ಹೋದರೆ ಆತನು ಕೂಲಿ ಬಿಟ್ಟು ಪದೇ ಪದೇ ಪಟ್ಟಣಕ್ಕೆ ಅಲೆಯಬೇಕಾಗುತ್ತದೆ. ಆದರೆ ಇಂತಹ ಆ್ಯಪ್‌ನಲ್ಲಿ ನಮೂದಿಸಿದ ಮಾತ್ರಕ್ಕೆ ಅರ್ಜಿ ಸಲ್ಲಿಸಿದಂತಾಗುವುದಿಲ್ಲ ಎಂಬುದನ್ನು ರೈತರಿಗೆ ಸ್ಪಷ್ಟವಾಗಿ ತಿಳಿಸತಕ್ಕದ್ದು.

8. ಆಯ್ಕೆಗೆ ಮುನ್ನ ಕೇಳಿಕೊಳ್ಳಬೇಕಾದ ಪ್ರಶ್ನೆಗಳು

(1) ದಾಖಲೆಯು ಪಟ್ಟಿಯೇ ಅಥವಾ ಪ್ರಕ್ರಿಯೆಯೇ? ಒಂದು ಸಾಲು ಒಮ್ಮೆ ಬರೆದ ಮೇಲೆ ಹೆಚ್ಚಾಗಿ ಬದಲಾಗದಿದ್ದರೆ ಅದು ಪಟ್ಟಿ. ಒಬ್ಬರ ಕೈಯಿಂದ ಮತ್ತೊಬ್ಬರ ಕೈಗೆ ಸಾಗಬೇಕಾದರೆ ಅದು ಪ್ರಕ್ರಿಯೆ.
(2) ಎಷ್ಟು ಮಂದಿ ದಾಖಲಿಸುತ್ತಾರೆ? ಅವರೆಲ್ಲರೂ ಎಲ್ಲವನ್ನೂ ನೋಡಬಹುದೇ?
(3) ದಾಖಲೆ ಕಚೇರಿಯಲ್ಲಿ ನಡೆಯುವುದೋ, ಹೊಲದಲ್ಲಿಯೋ?
(4) ಈಗಿನ ಸಾಲುಗಳ ಸಂಖ್ಯೆ ಎಷ್ಟು? ಐದು ವರ್ಷಗಳ ನಂತರ ಎಷ್ಟಾಗಬಹುದು?
(5) ನಮೂನೆ ಎಷ್ಟು ಬಾರಿ ಬದಲಾಗುತ್ತದೆ? ಇನ್ನೂ ಖಚಿತವಾಗದ ನಮೂನೆಗೆ ಆ್ಯಪ್ ತಯಾರಿಸುವುದು ಸಲ್ಲದು.
(6) ಸಾಧನವನ್ನು ಸಿದ್ಧಪಡಿಸಿದವರು ಬಿಟ್ಟುಹೋದರೆ ಮುಂದುವರಿಸುವವರು ಯಾರು?
(7) ಸರ್ಕಾರದ ವ್ಯವಸ್ಥೆಯಲ್ಲಿ ಈ ಕೆಲಸಕ್ಕೆ ಈಗಾಗಲೇ ತಂತ್ರಾಂಶ ಇದೆಯೇ? ಇದ್ದಲ್ಲಿ ಮತ್ತೊಂದನ್ನು ತಯಾರಿಸಿ ಒಂದೇ ವಿವರವನ್ನು ಎರಡು ಕಡೆ ತುಂಬುವ ಹೊರೆ ಬೇಡ.

ಮೊದಲನೆಯ ಪ್ರಶ್ನೆಗೆ ಪಟ್ಟಿ ಎಂಬ ಉತ್ತರ ಬಂದು, ದಾಖಲಿಸುವವರು ಕೆಲವರೇ ಆಗಿದ್ದಲ್ಲಿ ಸ್ಪ್ರೆಡ್‌ಶೀಟ್ ಮಾದರಿಯ ದತ್ತಸಂಚಯ ಸಾಕು. ಪ್ರಕ್ರಿಯೆ ಎಂದಾಗಿದ್ದು, ಹಲವರು ಹಲವು ಸ್ಥಳಗಳಿಂದ ದಾಖಲಿಸುವಂತಿದ್ದಲ್ಲಿ ಲೋ-ಕೋಡ್ ಸಾಧನವನ್ನು ಪರಿಶೀಲಿಸಬಹುದು. ಸಂದೇಹವಿದ್ದಲ್ಲಿ ಮೊದಲು ದತ್ತಸಂಚಯದಿಂದ ಆರಂಭಿಸಿ, ಒಂದು ಹಂಗಾಮು ಬಳಸಿ, ಕೋಷ್ಟಕಗಳ ರಚನೆ ಸ್ಥಿರಗೊಂಡ ಮೇಲೆ ಆ್ಯಪ್‌ಗೆ ಹೋಗುವುದು ಲೇಸು. ಸರಿಯಾಗಿ ಜೋಡಿಸಿದ ಕೋಷ್ಟಕಗಳು ಎರಡೂ ಸಾಧನಗಳಿಗೂ ಸಮಾನ ತಳಹದಿ.

9. ವೆಚ್ಚ ಮತ್ತು ಅವಲಂಬನೆ

ಉಚಿತ ಯೋಜನೆಗಳಲ್ಲಿ ಸಾಲುಗಳ ಸಂಖ್ಯೆ, ಬಳಕೆದಾರರ ಸಂಖ್ಯೆ ಅಥವಾ ಭಾವಚಿತ್ರಗಳ ಗಾತ್ರಕ್ಕೆ ಮಿತಿ ಇರುತ್ತದೆ. ಹಲವು ಲೋ-ಕೋಡ್ ಸಾಧನಗಳು ಪ್ರತಿ ಬಳಕೆದಾರರಿಗೆ ತಿಂಗಳ ಲೆಕ್ಕದಲ್ಲಿ ಶುಲ್ಕ ವಿಧಿಸುತ್ತವೆ. ಇಬ್ಬರಿಗೆ ಅಗ್ಗವಾಗಿದ್ದ ಸಾಧನ ನಲವತ್ತು ಸ್ವಯಂಸೇವಕರಿಗೆ ಭಾರವಾಗಬಹುದು. ಆದ್ದರಿಂದ ಮೂರು ವರ್ಷಗಳ ಒಟ್ಟು ವೆಚ್ಚವನ್ನು, ತರಬೇತಿ ಮತ್ತು ದುರಸ್ತಿಯ ವೆಚ್ಚವನ್ನೂ ಸೇರಿಸಿ, ಮುಂಚಿತವಾಗಿಯೇ ಅಂದಾಜು ಮಾಡಬೇಕು. ಬೇಸ್‌ರೋ, ನೋಕೋಡಿಬಿ ಮತ್ತು ಗ್ರಿಸ್ಟ್‌ಗಳನ್ನು ಸಂಸ್ಥೆಯ ಸ್ವಂತ ಗಣಕಯಂತ್ರದಲ್ಲಿ ಸ್ಥಾಪಿಸಲು ಅವಕಾಶವಿದೆ. ಆದರೆ ಅದರ ಪಾಲನೆ, ವಿದ್ಯುತ್ ಮತ್ತು ನಕಲು ಸಂರಕ್ಷಣೆಯ ಹೊಣೆ ಸಂಸ್ಥೆಯದೇ ಆಗಿರುತ್ತದೆ.

ದೊಡ್ಡ ಸಂಸ್ಥೆಗಳ ಸಾಧನವೂ ಶಾಶ್ವತವಲ್ಲ. ಗೂಗಲ್ ಸಂಸ್ಥೆಯು ಫ್ಯೂಷನ್ ಟೇಬಲ್ಸ್ ಎಂಬ ಕೋಷ್ಟಕ ಸೇವೆಯನ್ನು 2019ರ ಡಿಸೆಂಬರ್‌ನಲ್ಲಿಯೂ, ಆ್ಯಪ್ ಮೇಕರ್ ಎಂಬ ಲೋ-ಕೋಡ್ ಸಾಧನವನ್ನು 2021ರ ಜನವರಿಯಲ್ಲಿಯೂ ಸ್ಥಗಿತಗೊಳಿಸಿತು. ಇಂತಹ ಸಂದರ್ಭದಲ್ಲಿ ಕೋಷ್ಟಕಗಳನ್ನು ಸಾದಾ ಕಡತವಾಗಿ ಹೊರತೆಗೆದು ಬೇರೆಡೆ ಸೇರಿಸಬಹುದು. ಆದರೆ ಆ್ಯಪ್‌ನ ನಮೂನೆ, ನಿಯಮ ಮತ್ತು ಹಂತಗಳನ್ನು ಹೊಸದಾಗಿಯೇ ನಿರ್ಮಿಸಬೇಕಾಗುತ್ತದೆ.

10. ವೈಯಕ್ತಿಕ ಮಾಹಿತಿಯ ರಕ್ಷಣೆ

ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಅಧಿನಿಯಮ, 2023 ಸದಸ್ಯರ ಮಾಹಿತಿ ಸಂಗ್ರಹಿಸುವ ಸಂಸ್ಥೆಗಳ ಮೇಲೆ ಹೊಣೆಗಾರಿಕೆಯನ್ನು ವಿಧಿಸಿದೆ. ಇದರ ನಿಯಮಗಳು 2025ರ ನವೆಂಬರ್‌ನಲ್ಲಿ ಅಧಿಸೂಚಿತವಾಗಿದ್ದು, ಹಂತ ಹಂತವಾಗಿ ಜಾರಿಗೆ ಬರುವಂತೆ ರೂಪಿಸಲಾಗಿದೆ. ಸಂಘ ಸಂಸ್ಥೆಗಳು ಈ ಕೆಳಕಂಡ ಅಂಶಗಳನ್ನು ಅನುಸರಿಸುವುದು ಒಳಿತು.

- ಯಾವ ಉದ್ದೇಶಕ್ಕೆ ಮಾಹಿತಿ ಪಡೆಯಲಾಗುತ್ತಿದೆ ಎಂಬುದನ್ನು ಸದಸ್ಯರಿಗೆ ಕನ್ನಡದಲ್ಲಿ ತಿಳಿಸಿ ಒಪ್ಪಿಗೆ ಪಡೆಯುವುದು.
- ಅವಶ್ಯಕತೆ ಇಲ್ಲದಿದ್ದಲ್ಲಿ ಆಧಾರ್ ಸಂಖ್ಯೆ, ಜಾತಿ, ಆರೋಗ್ಯದ ವಿವರಗಳಿಗೆ ಕಂಬಸಾಲನ್ನೇ ಇರಿಸದಿರುವುದು.
- ಪಟ್ಟಿಯ ಕೊಂಡಿಯನ್ನು ಯಾರು ಬೇಕಾದರೂ ತೆರೆಯುವಂತೆ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಹಂಚದಿರುವುದು.
- ಹಲವರು ಒಂದೇ ಗುಪ್ತಪದ ಬಳಸದಿರುವುದು. ಹುದ್ದೆ ಬಿಟ್ಟವರ ಪ್ರವೇಶವನ್ನು ಅದೇ ದಿನ ರದ್ದುಪಡಿಸುವುದು.
- ಸಾಧನದ ಖಾತೆಯನ್ನು ವ್ಯಕ್ತಿಯ ಹೆಸರಿನಲ್ಲಿ ತೆರೆಯದೆ ಸಂಸ್ಥೆಯ ಮಿಂಚಂಚೆ ವಿಳಾಸದಲ್ಲಿ ತೆರೆಯುವುದು.
- ವಿದ್ಯಾರ್ಥಿಗಳೂ ಸೇರಿದಂತೆ 18 ವರ್ಷದೊಳಗಿನವರ ಮಾಹಿತಿಗೆ ಪೋಷಕರ ಒಪ್ಪಿಗೆ ಪಡೆಯುವುದು.

11. ಅನುಷ್ಠಾನದ ಹಂತಗಳು

ಹಂತ 1: ಈಗಿರುವ ಎಲ್ಲ ವಹಿ ಮತ್ತು ಕಡತಗಳ ಪಟ್ಟಿ ಮಾಡಿ, ಯಾವುದು ಅಧಿಕೃತ ಎಂದು ಆಡಳಿತ ಮಂಡಳಿ ನಿರ್ಣಯಿಸುವುದು.
ಹಂತ 2: ಪ್ರತಿ ಸದಸ್ಯರಿಗೆ ಸಂಖ್ಯೆ ನೀಡಿ, ಪುನರಾವರ್ತಿತ ಹೆಸರುಗಳನ್ನು ಗ್ರಾಮಸಭೆ ಅಥವಾ ಸಂಘದ ಸಭೆಯಲ್ಲಿ ಓದಿ ಸರಿಪಡಿಸುವುದು.
ಹಂತ 3: ಒಂದು ಗ್ರಾಮದ ದಾಖಲೆಯಿಂದ ಮಾತ್ರ ಪ್ರಯೋಗ ನಡೆಸುವುದು.
ಹಂತ 4: ಕನಿಷ್ಠ ಒಂದು ತಿಂಗಳು ವಹಿ ಮತ್ತು ಹೊಸ ಸಾಧನ ಎರಡನ್ನೂ ನಿರ್ವಹಿಸಿ ಮೊತ್ತಗಳನ್ನು ತಾಳೆ ನೋಡುವುದು.
ಹಂತ 5: ವಾರಕ್ಕೊಮ್ಮೆ ದತ್ತಾಂಶದ ನಕಲನ್ನು ಸಾದಾ ಕಡತವಾಗಿ ಹೊರತೆಗೆದು ಬೇರೆ ಸ್ಥಳದಲ್ಲಿ ಇರಿಸುವುದು, ತಿಂಗಳಿಗೊಮ್ಮೆ ಅದನ್ನು ತೆರೆದು ಪರೀಕ್ಷಿಸುವುದು.
ಹಂತ 6: ಕೋಷ್ಟಕ, ಕಂಬಸಾಲು ಮತ್ತು ನಿಯಮಗಳ ವಿವರಣೆಯನ್ನು ಕನ್ನಡದಲ್ಲಿ ಬರೆದು ಸಂಘದ ಕಚೇರಿಯಲ್ಲಿ ಇರಿಸುವುದು.

12. ಪದೇ ಪದೇ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಲೋ-ಕೋಡ್ ಸಾಧನ ಬಳಸಲು ಕಾರ್ಯಕ್ರಮ ಭಾಷೆ ತಿಳಿದಿರಬೇಕೇ?
ಉತ್ತರ: ಸರಳ ಆ್ಯಪ್‌ಗೆ ಬೇಡ. ಆದರೆ ಕೋಷ್ಟಕಗಳನ್ನು ಜೋಡಿಸುವ ಬಗೆ, ಷರತ್ತುಗಳನ್ನು ಬರೆಯುವ ಬಗೆ ತಿಳಿದಿರಬೇಕು. ಸ್ಪ್ರೆಡ್‌ಶೀಟ್‌ನ ಸೂತ್ರಗಳನ್ನು ಬಲ್ಲವರು ಅಭ್ಯಾಸದಿಂದ ಕಲಿಯಬಹುದು.

ಪ್ರಶ್ನೆ: ಎರಡು ಸಾಧನಗಳನ್ನೂ ಒಟ್ಟಿಗೆ ಬಳಸಬಹುದೇ?
ಉತ್ತರ: ಬಳಸಬಹುದು. ಆ್ಯಪ್‌ಶೀಟ್‌ನಂತಹ ಸಾಧನಗಳು ಸ್ಪ್ರೆಡ್‌ಶೀಟ್ ಅನ್ನೇ ಆಧಾರವಾಗಿ ಬಳಸುತ್ತವೆ. ಆಗ ಮೂಲ ಶೀಟ್ ಅನ್ನು ನೇರವಾಗಿ ತಿದ್ದುವ ಅಧಿಕಾರ ಒಬ್ಬರಿಗೆ ಮಾತ್ರ ಇರಬೇಕು.

ಪ್ರಶ್ನೆ: ಗಣಕಯಂತ್ರದಲ್ಲಿ ದಾಖಲಿಸಿದ ಮೇಲೆ ವಹಿ ಬೇಕೇ?
ಉತ್ತರ: ಸಂಘಕ್ಕೆ ಅನ್ವಯಿಸುವ ಕಾಯ್ದೆ ಮತ್ತು ಉಪನಿಯಮಗಳಂತೆ ಇರಿಸಬೇಕಾದ ವಹಿಗಳನ್ನು ಇರಿಸಲೇಬೇಕು. ಸಾಧನವು ವಹಿಗೆ ನೆರವು ಮಾತ್ರ.

ಪ್ರಶ್ನೆ: ಆ್ಯಪ್‌ನಲ್ಲಿ ತಪ್ಪು ನಮೂದಾದರೆ ಅಳಿಸಬಹುದೇ?
ಉತ್ತರ: ಹಣಕ್ಕೆ ಸಂಬಂಧಿಸಿದ ನಮೂದನ್ನು ಅಳಿಸಬಾರದು. ಕಾರಣ ಬರೆದು ತಿದ್ದುಪಡಿಯ ಹೊಸ ನಮೂದನ್ನು ಸೇರಿಸಬೇಕು. ಹಳೆಯದೂ ಹೊಸದೂ ಎರಡೂ ಉಳಿಯಬೇಕು.

ಪ್ರಶ್ನೆ: ಸದಸ್ಯರು ತಮ್ಮ ದಾಖಲೆ ನೋಡಲು ಕೇಳಿದರೆ?
ಉತ್ತರ: ತೋರಿಸತಕ್ಕದ್ದು. ಪ್ರತಿ ಸದಸ್ಯರ ವಿವರವನ್ನು ಒಂದು ಪುಟದಲ್ಲಿ ಕನ್ನಡದಲ್ಲಿ ಮುದ್ರಿಸಿಕೊಡುವ ಸೌಲಭ್ಯ ಇಲ್ಲದ ಸಾಧನವನ್ನು ಆಯ್ಕೆ ಮಾಡದಿರುವುದು ಒಳಿತು.

13. ಸೂಚನೆ

ಸಾಧನಗಳ ಶುಲ್ಕ ಹಾಗೂ ಮಿತಿಗಳು ಆಗಾಗ್ಗೆ ಬದಲಾಗುವುದರಿಂದ ಖರೀದಿಗೆ ಮುನ್ನ ಆಯಾ ಸಂಸ್ಥೆಯ ಪ್ರಸ್ತುತ ಷರತ್ತುಗಳನ್ನು ಪರಿಶೀಲಿಸುವುದು. ಯಾವುದೇ ಸಾಧನವನ್ನು ಒಪ್ಪುವ ಮೊದಲು ಸಂಘದ ಅತ್ಯಂತ ಹಿರಿಯ ಸದಸ್ಯರೊಬ್ಬರ ದಾಖಲೆಯನ್ನು ಅದರಲ್ಲಿ ತೆರೆದು, ಅವರ ಎದುರಿನಲ್ಲಿಯೇ ಓದಿ, ಹೆಸರು, ಜಮೀನು ಮತ್ತು ಹಣದ ವಿವರ ಸರಿಯಿದೆ ಎಂದು ಅವರಿಂದ ಕೇಳಿ ಖಚಿತಪಡಿಸಿಕೊಳ್ಳುವುದು.